ಕಲಕದ ಕ್ಯಾನಿನ ಹಾಲು

ರಾತ್ರಿ ಹನ್ನೆರಡು ದಾಟಿತ್ತು. ಅಡುಗೆಮನೆಯಲ್ಲಿ ಟಿಣ್ ಎಂದು ಸಣ್ಣ ಸಪ್ಪಳವಾಯಿತು. ಸ್ಟೀಲ್ ಡಬ್ಬಿಯ ಮುಚ್ಚಳವನ್ನು ಯಾರೋ ಕಡಪಾ ಕಲ್ಲಿನ ಮೇಲೆ ಮೆಲ್ಲಗೆ ಇಟ್ಟ ಸಪ್ಪಳ.

ಸುಗಂಧಾ ಕಣ್ಣು ತೆರೆದಳು. ದಾಳಿಂಬ ಎಂಬ ಊರಿನ ಆ ಮನೆಗೆ ಸೊಸೆಯಾಗಿ ಬಂದು ಹದಿನಾಲ್ಕು ವರ್ಷವಾಗಿತ್ತು. ಯಾವ ಪಾತ್ರೆಯ ದನಿ ಯಾವುದು ಎಂದು ಅವಳಿಗೆ ಕತ್ತಲಲ್ಲೂ ಗೊತ್ತು. ಇದು ಕೆನೆಯ ಡಬ್ಬಿ. ವಾರವಿಡೀ ಹಾಲಿನ ಮೇಲಿನ ಕೆನೆ ತೆಗೆದು ಅದರಲ್ಲಿ ಕೂಡಿಟ್ಟು, ಭಾನುವಾರ ಕಡೆದು ತುಪ್ಪ ಕಾಸುವುದು ಮನೆಯ ರೂಢಿ. ಈ ವಾರ ಎರಡು ಸಲ ಕೆನೆಯಲ್ಲಿ ಚಮಚ ಆಡಿದ ಗುರುತು ಕಂಡಿತ್ತು. ಅತ್ತೆ ಪ್ರಯಾಗಬಾಯಿ ಬೆಕ್ಕನ್ನು ಬೈದಿದ್ದರು. ಬೆಕ್ಕು ಫ್ರಿಜ್ಜಿನ ಬಾಗಿಲು ತೆರೆಯುವುದಿಲ್ಲ, ತಿಂದಾದ ಮೇಲೆ ಮುಚ್ಚಳವನ್ನಂತೂ ಹಾಕುವುದಿಲ್ಲ ಎಂದು ಸುಗಂಧಾ ಅಂದುಕೊಂಡಿದ್ದಳು. ಆದರೆ ಬಾಯಿಬಿಟ್ಟು ಹೇಳಿರಲಿಲ್ಲ.

ಪಕ್ಕದಲ್ಲಿ ಗಂಡ ರವಿಕಾಂತ ಗಾಢ ನಿದ್ದೆಯಲ್ಲಿದ್ದ. ಅವಳು ಎದ್ದು, ಬರಿಗಾಲಲ್ಲಿ ನಡೆದು, ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನೋಡಿದಳು.

ಫ್ರಿಜ್ಜಿನ ಬೆಳಕಿನಲ್ಲಿ ಮಾವ ಮನ್ಮಥಪ್ಪ ನಿಂತಿದ್ದರು. ಒಂದು ಕೈಯಲ್ಲಿ ಕೆನೆಯ ಡಬ್ಬಿ, ಇನ್ನೊಂದರಲ್ಲಿ ಚಮಚ. ಕೆನೆಯ ಮೇಲೆ ಸಕ್ಕರೆ ಉದುರಿಸಿಕೊಂಡು ಬೇಗ ಬೇಗ ತಿನ್ನುತ್ತಿದ್ದರು, ಶಾಲೆಯಿಂದ ಹಸಿದು ಬಂದ ಹುಡುಗ ತಿನ್ನುವ ಹಾಗೆ. ಸುಗಂಧಾಳಿಗೆ ಮೊದಲು ನಗು ಬಂತು. ಮರುಗಳಿಗೆಯಲ್ಲೇ ನಗು ನಿಂತಿತು.

ಮಾವ ಚಮಚವನ್ನು ಕೆಳಗಿಟ್ಟರು. ಎದೆಯ ನಡುವೆ ಮುಷ್ಟಿ ಒತ್ತಿಕೊಂಡು ಗೋಡೆಗೆ ಒರಗಿದರು. ಬಾಯಿಯಿಂದ ಉಸಿರು ಬಿಡುತ್ತ, ಹಣೆಯ ಬೆವರನ್ನು ಧೋತರದ ಅಂಚಿನಿಂದ ಒರೆಸಿಕೊಂಡರು. ಸುಗಂಧಾ ಮನಸ್ಸಿನಲ್ಲಿ ಎಣಿಸತೊಡಗಿದಳು. ಎಂಬತ್ತಕ್ಕೆ ಬಂದಾಗ ಅವರು ನೆಟ್ಟಗಾದರು. ಚಮಚ ತೊಳೆದರು, ಮುಚ್ಚಳ ಹಾಕಿದರು, ತಮ್ಮ ಕೋಣೆಗೆ ಹೋದರು.

ಅವಳು ಹಾಸಿಗೆಗೆ ಮರಳಿದಳು, ನಿದ್ದೆ ಮರಳಲಿಲ್ಲ. ರವಿಕಾಂತನನ್ನು ಎಬ್ಬಿಸಬಹುದಿತ್ತು. ಆದರೆ ಅವನದು ಉಮರ್ಗಾ ಪೇಟೆಯ ಅಡತಿ ಅಂಗಡಿಯಲ್ಲಿ ಕಾಳಿನ ಹರಾಜು ಕೂಗಿ ರೂಢಿಯಾದ ದನಿ. ಬೆಳಗಾಗುವುದರೊಳಗೆ, ಮನ್ಮಥಪ್ಪನವರು ತಮ್ಮ ಮನೆಯ ಕೆನೆಯನ್ನೇ ಕದ್ದು ತಿನ್ನುತ್ತಾರೆ ಎಂದು ಓಣಿಗೆಲ್ಲ ತಿಳಿಯುತ್ತಿತ್ತು. ಹಾಗೆಂದು ಸುಮ್ಮನಿರುವಂತೆಯೂ ಇರಲಿಲ್ಲ. ಎದೆಗೆ ಒತ್ತಿದ ಆ ಮುಷ್ಟಿ ಅವಳ ಕಣ್ಣಿಂದ ಹೋಗಲಿಲ್ಲ. ಮೊನ್ನೆ ಸೋಯಾ ಹೊಲದ ಏರಿ ಹತ್ತುವಾಗಲೂ ಮಾವ ಎರಡು ಸಲ ನಿಂತಿದ್ದರು. ಎರಡು ಸಲವೂ ಚಪ್ಪಲಿಯಲ್ಲಿ ಮುಳ್ಳು ಹೊಕ್ಕಿದೆ ಎಂದಿದ್ದರು. ಚಪ್ಪಲಿಯಲ್ಲಿ ಮುಳ್ಳಿರಲಿಲ್ಲ.

ಮನ್ಮಥಪ್ಪನವರಿಗೆ ಅರವತ್ತಮೂರು ವರ್ಷ. ಊರಿನ ಹಾಲಿನ ಸೆಂಟರ್ ಅವರ ಮನೆಯ ಪಡಸಾಲೆಯಲ್ಲೇ ಇತ್ತು. ಹನ್ನೊಂದು ವರ್ಷದಿಂದ ಒಬ್ಬನ ಹಾಲನ್ನೂ ಅವರು ಕಣ್ಣಳತೆಯಲ್ಲಿ ಒಪ್ಪಿದವರಲ್ಲ, ಒಬ್ಬನ ಹಾಲಿನ ಅಳತೆಯಲ್ಲೂ ತಪ್ಪಿದವರಲ್ಲ. ಹೋದ ವರ್ಷ ಅವರಿಗೆ ಸಕ್ಕರೆ ಕಾಯಿಲೆ ಇದೆ, ರಕ್ತದೊತ್ತಡವೂ ಇದೆ ಎಂದು ಗೊತ್ತಾಯಿತು. ಡಾಕ್ಟರು ಗುಳಿಗೆ ಕೊಟ್ಟು, ಊಟ ಹಗುರವಾಗಿರಲಿ ಎಂದರು. ಮನ್ಮಥಪ್ಪ ಅದನ್ನು ತಮ್ಮದೇ ರೀತಿಯಲ್ಲಿ ಅರ್ಥ ಮಾಡಿಕೊಂಡರು. ಶಿವನ ಹೆಸರಿನ ಸೋಮವಾರದ ಉಪವಾಸ ಮೊದಲಿಂದಲೂ ಇತ್ತು. ಅದಕ್ಕೆ ಗುರುವಾರ, ಶನಿವಾರ ಸೇರಿಸಿದರು. ಉಪವಾಸದ ದಿನ ಅನ್ನ, ರೊಟ್ಟಿ ಮುಟ್ಟುವಂತಿಲ್ಲ. ಆದರೆ ಹಾಲು ನಡೆಯುತ್ತದೆ. ಎಮ್ಮೆಯ ಹಾಲನ್ನು ಅರ್ಧಕ್ಕಿಳಿಸಿ, ಸಕ್ಕರೆ ಹಾಕಿ, ಮೇಲೆ ಕೆನೆ ತೇಲಿಸಿ ಪ್ರಯಾಗಬಾಯಿ ದಿನಕ್ಕೆ ಮೂರು ಲೋಟ ಕೊಡುತ್ತಿದ್ದರು. ಗುಳಿಗೆಯನ್ನು ಊಟವಾದ ಮೇಲೆ ತೆಗೆದುಕೊಳ್ಳಬೇಕು, ಊಟವೇ ಇಲ್ಲದ ದಿನ ಗುಳಿಗೆಯೂ ಇಲ್ಲ. ಹೀಗೆ ವಾರದಲ್ಲಿ ಮೂರು ದಿನ ಗುಳಿಗೆ ಡಬ್ಬಿಯಲ್ಲೇ ಉಳಿಯುತ್ತಿತ್ತು. ರಾತ್ರಿ ಹನ್ನೆರಡು ಹೊಡೆದರೆ ದಿನ ಮುಗಿಯಿತು, ಉಪವಾಸವೂ ಮುಗಿಯಿತು. ಆಮೇಲೆ ಹಸಿವು ಅವರನ್ನು ಎಬ್ಬಿಸುತ್ತಿತ್ತು.

ಇಷ್ಟೆಲ್ಲ ಯಾತಕ್ಕೆಂದರೆ ಕಪಿಲಧಾರಕ್ಕಾಗಿ. ಪ್ರತಿ ಕಾರ್ತಿಕದಲ್ಲಿ ಅವರು ದಿಂಡಿಯ ಜೊತೆ, ಭಜನೆ ಮಾಡುತ್ತ ನಡೆಯುವ ಆ ಭಕ್ತರ ಜೊತೆ, ಅಲ್ಲಿರುವ, ತಮ್ಮದೇ ಹೆಸರಿನ ಮನ್ಮಥ ಸ್ವಾಮಿಗಳ ಸಮಾಧಿಗೆ ನಡೆದು ಹೋಗುತ್ತಿದ್ದರು. ಇಪ್ಪತ್ತಾರು ವರ್ಷ ತಪ್ಪಿಸಿರಲಿಲ್ಲ. ಉಪವಾಸ ಹೆಚ್ಚಿಸಿದರೆ ಸಕ್ಕರೆ ಇಳಿಯುತ್ತದೆ, ಮೈ ಹಗುರವಾಗುತ್ತದೆ, ಇಪ್ಪತ್ತೇಳನೆಯ ಸಲವೂ ನಡೆಯಬಹುದು. ಇದು ಅವರ ಲೆಕ್ಕ.

ಬೆಳಗಿನ ಐದಕ್ಕೆ ಸುಗಂಧಾ ಅನುಸೂಯಾಳ ಮನೆಯ ಬಾಗಿಲು ತಟ್ಟಿದಳು. ಅನುಸೂಯಾ ಊರಿನ ಆಶಾ ಕಾರ್ಯಕರ್ತೆ. ಇಬ್ಬರೂ ಒಂದೇ ಮಹಿಳಾ ಉಳಿತಾಯ ಗುಂಪಿನವರು.

"ರಾತ್ರಿ ಮಾಮಾ ನೀರು ಕುಡೀಲಾಕ ಎದ್ದಿದ್ರು," ಎಂದಳು ಸುಗಂಧಾ. ಪ್ರತಿ ಮಾತನ್ನೂ ಆರಿಸಿ ಇಟ್ಟಳು. "ಎದಿ ಒತ್ತಿ ಹಿಡಕೊಂಡು ನಿಂತ್ರು. ಬೆವರಿದ್ರು. ಒಂದು ನಿಮಿಷದ ಮ್ಯಾಲಾಯ್ತು. ಮೊನ್ನೆ ಏರಿ ಹತ್ತುವಾಗೂ ಹಾಂಗೇ ನಿಂತಿದ್ರು."

ಅನುಸೂಯಾ ಜಡೆ ಹೆಣೆಯುತ್ತಿದ್ದ ಕೈ ನಿಲ್ಲಿಸಿದಳು. "ಇದನ್ನ ನಾಳಿಗಿ ಇಡಬ್ಯಾಡ. ಇವತ್ತೇ ಉಮರ್ಗಾಕ್ಕ ಕರಕೊಂಡು ಹೋಗೂಣು. ಈಗ ಹ್ಯಾಂಗಿದ್ದಾರ?"

"ಈಗ ಆರಾಮದಾರ. ಆದ್ರ ಬಾ ಅಂದ್ರ ಬರೂದಿಲ್ಲ."

"ನೀ ನಡಿ. ನಾ ಬಂದೆ."

ಸುಗಂಧಾ ಮನೆಗೆ ಬರುವಾಗ ಪಡಸಾಲೆಯಲ್ಲಿ ಕ್ಯಾನುಗಳ ಸಾಲು ನಿಂತಿತ್ತು. ಅವಳು ಫ್ಯಾಟ್ ನೋಡುವ ಯಂತ್ರದ ಮುಂದೆ ಕುಳಿತಳು. ಮಾವ ಎಂದಿನಂತೆ ಉದ್ದ ಹಿಡಿಕೆಯ ಕಲಕುಕೋಲು ಹಿಡಿದು ನಿಂತಿದ್ದರು. ಸಾಲಿನಲ್ಲಿ ಮೊದಲು ಅಂಬಣ್ಣ. ಕ್ಯಾನು ಇಟ್ಟವನೇ ಸಣ್ಣ ಲೋಟವನ್ನು ಮೇಲ್ಮೇಲೆ ಅದ್ದಿದ.

"ಏ ಅಂಬಣ್ಣಾ, ಕೈ ತಡಿ," ಎಂದರು ಮನ್ಮಥಪ್ಪ. "ಮ್ಯಾಲಿಂದ ತಗೀಬ್ಯಾಡ."

"ಯಾಕ್ರೀ ಮಾಲಕ, ಮ್ಯಾಲಿನ ಹಾಲು ನಂದಲ್ಲೇನು?"

"ಮ್ಯಾಲಿಂದೂ ನಿಂದೇ, ಬುಡದಿಂದೂ ನಿಂದೇ. ಎರಡೂ ಕೂಡಿದ್ರೇ ನಿನ್ನ ಎಮ್ಮಿ ಖರೆ ಮಾತಾಡ್ತದ."

ಸಾಲಿನಲ್ಲಿದ್ದವರು ನಕ್ಕರು. ಮನ್ಮಥಪ್ಪ ಕ್ಯಾನಿನ ಬುಡದವರೆಗೆ ಕೋಲು ಇಳಿಸಿ ಎಂಟು ಹತ್ತು ಸಲ ಎತ್ತಿ ಕಲಕಿದರು. ಕೊಬ್ಬು ಹೆಚ್ಚಿದ್ದಷ್ಟೂ ಹಾಲಿಗೆ ದರ ಹೆಚ್ಚು, ಆದರೆ ಹಾಲು ಒಂದಿಷ್ಟು ಹೊತ್ತು ನಿಂತರೆ ಕೊಬ್ಬೆಲ್ಲ ಮೇಲೆ ಬರುತ್ತದೆ. ಮೇಲಿನದನ್ನೇ ಅಳೆದರೆ ಯಂತ್ರ ಸುಳ್ಳು ಹೇಳುತ್ತದೆ. ಹಾಲಿನ ಊರಲ್ಲಿ ಇದು ಮಕ್ಕಳಿಗೂ ಗೊತ್ತು. ಕಲಕಿ ತೆಗೆದ ಹಾಲನ್ನು ಸುಗಂಧಾ ಯಂತ್ರಕ್ಕಿಟ್ಟಳು.

"ಆರೂವರಿ," ಎಂದಳು.

"ಕಲಕಲಾರದೆ ಬಿಟ್ಟಿದ್ರ ಎಂಟು ಬರ್ತಿತ್ತು ನೋಡ್ರಿ ವೈನಿ," ಎಂದ ಅಂಬಣ್ಣ.

"ಹತ್ತೂ ಬರ್ತಿತ್ತು," ಎಂದರು ಮನ್ಮಥಪ್ಪ. "ಆದ್ರ ಅದು ನಿನ್ನ ಕ್ಯಾನಿನ ಲೆಕ್ಕ ಅಲ್ಲ. ನಿನ್ನ ಮನಸಿನ ಲೆಕ್ಕ."

ಅಷ್ಟರಲ್ಲಿ ಅನುಸೂಯಾ ಬಂದಳು. "ಕಾಕಾ, ಶರಣು."

"ಶರಣು, ಬಾರವ್ವಾ. ಇವತ್ತ ಏನು, ನಮ್ಮ ನೀರಿನ ಡೋಣಿಯೊಳಗಿನ ಸೊಳ್ಳಿ ಎಣಿಸ್ಲಾಕ ಬಂದಿ?"

"ಸೊಳ್ಳಿ ಆಮ್ಯಾಲ. ಇವತ್ತ ನಿಮ್ಮ ಎದಿ ಸಮಾಚಾರ. ರಾತ್ರಿ ನೀರು ಕುಡೀಲಾಕ ಎದ್ದಾಗ ಎದಿ ಹಿಡಕೊಂಡು ನಿಂತಿದ್ರಂತ. ಸುಗಂಧಾ ನೋಡ್ಯಾಳ."

ಮನ್ಮಥಪ್ಪ ಸೊಸೆಯ ಕಡೆ ನೋಡಿದರು. ಸುಗಂಧಾ ಯಂತ್ರದ ಗಾಜನ್ನು ಒರೆಸುತ್ತಿದ್ದಳು, ತಲೆ ಎತ್ತಲಿಲ್ಲ. ನೀರು ಕುಡೀಲಾಕ ಎಂಬ ಮಾತು ಅವರ ಮುಖದ ಮೇಲೆ ಒಂದು ಗಳಿಗೆ ನಿಂತು ಹೋಯಿತು.

"ಅದು ಗ್ಯಾಸು," ಎಂದರು ದನಿ ತಗ್ಗಿಸಿ.

ಒಳಗಿನಿಂದ ಪ್ರಯಾಗಬಾಯಿ ಸೆರಗಿಗೆ ಕೈ ಒರೆಸುತ್ತ ಬಂದರು. "ಗ್ಯಾಸೇ ಅದ. ವಾರಕ್ಕ ಮೂರು ಉಪಾಸ ಮಾಡ್ತಾರ, ಹಾಲಿನ ಮ್ಯಾಲೇ ಇರ್ತಾರ. ಹಾಲು ಕುಡಿಯೋರಿಗಿ ಎದಿ ರೋಗ ಬರ್ತದೇನು? ನಮ್ಮ ಮಾವನೋರು ವಾಟಗಾ ತುಂಬ ತುಪ್ಪ ಕುಡೀತಿದ್ರು, ಗೊತ್ತದ?"

"ದಿನಾ ಎಷ್ಟು ನಡೀತಿದ್ರು ಅವರು, ಕಾಕು?" ಎಂದು ಅನುಸೂಯಾ ಕೇಳಿದಳು.

"ಅವರಿಗೇನು. ದೇವಣಿ ಸಂತಿಯಿಂದ ಎತ್ತು ತಂದ್ರ ನಡಸಿಕೊಂಡೇ ತರ್ತಿದ್ರು. ಹಗಲೆಲ್ಲಾ ಹೊಲದಾಗ ಕುಂಟಿ ಹೊಡೀತಿದ್ರು."

"ಮತ್ತ ನಮ್ಮ ಕಾಕಾ ಮೋಟರ್‌ಸೈಕಲ್ ಮ್ಯಾಲ ಹೊಲಕ್ಕ ಹೋಗ್ತಾರ. ಇರ್ಲಿ. ಮಾವನೋರು ಹೋದಾಗ ಅವರ ವಯಸ್ಸೆಷ್ಟು?"

ಪ್ರಯಾಗಬಾಯಿ ಬೆರಳು ಮಡಿಸಿ ಎಣಿಸಿದರು. "ಐವತ್ತೆಂಟು. ಮಲಗಿದವರು ಏಳಲಿಲ್ಲ. ಪುಣ್ಯವಂತ್ರು."

"ಪುಣ್ಯವಂತ್ರು ಖರೆ," ಎಂದಳು ಅನುಸೂಯಾ ಮೆಲ್ಲಗೆ. "ಆದ್ರ ಐವತ್ತೆಂಟಕ್ಕೇ ಯಾಕ ಹೋದ್ರು ಅಂತ ಯಾರೂ ತಪಾಸಣಿ ಮಾಡಿಸಿ ನೋಡಲಿಲ್ಲ."

ಮನ್ಮಥಪ್ಪ ಕೋಲನ್ನು ಎಡಗೈಗೆ ಬದಲಿಸಿದರು. ಅಂಗಿಯ ಜೇಬಿನಿಂದ ಆರೋಗ್ಯ ಉಪಕೇಂದ್ರದ ಕಾರ್ಡು ತೆಗೆದರು. "ತಪಾಸಣಿ ಅಂದ್ಯಲ್ಲ, ನೋಡು. ತಿಂಗಳಿಗೊಮ್ಮಿ ಮಾಡಸ್ತೀನಿ. ನೂರಾ ಎಂಟು, ನೂರಾ ಹನ್ನೆರಡು, ನೂರಾ ಐದು. ಇದಕ್ಕಿಂತ ಬರೋಬ್ಬರಿ ಸಕ್ಕರಿ ನಿಂದೂ ಇರ್ಲಿಕ್ಕಿಲ್ಲ."

ಅನುಸೂಯಾ ಕಾರ್ಡು ನೋಡಿ ಸುಗಂಧಾಳ ಕೈಗೆ ಕೊಟ್ಟಳು. ಸುಗಂಧಾ ಅಂಕಿಗಳನ್ನು ನೋಡಿದಳು, ಆಮೇಲೆ ತಾರೀಖುಗಳನ್ನು. ಗೋಡೆಯ ಕ್ಯಾಲೆಂಡರಿನ ಹಾಳೆ ತಿರುವಿದಳು. ಒಂದು, ಎರಡು, ಮೂರು. ಉಪಕೇಂದ್ರ ವಾರವಿಡೀ ತೆರೆದಿರುತ್ತದೆ. ಮಾವ ಹೋದದ್ದು ಮಾತ್ರ ಪ್ರತಿ ಸಲವೂ ಮಂಗಳವಾರ.

"ಮಾಮಾ, ಎಲ್ಲಾ ಮಂಗಳವಾರನೇ ಹೋಗೀರಿ?"

"ಹೌದು. ಸೋಮವಾರ ಕಡಕ್ ಉಪಾಸ ಮಾಡ್ತೀನಿ. ತಪಾಸಣಿ ಇದ್ದ ವಾರ ಅವತ್ತು ಹಾಲೂ ಮುಟ್ಟೂದಿಲ್ಲ, ಬರೇ ನೀರು. ಮರುದಿನ ಸ್ನಾನ ಮಾಡಿ, ಪೂಜಿ ಮಾಡಿ, ಶುದ್ಧ ಆಗಿ ಹೋಗ್ತೀನಿ. ತಪಾಸಣಿಗಿ ಹಾಂಗೇ ಹೋಗಬೇಕಲ್ಲ." ಅವರ ದನಿಯಲ್ಲಿ ಕಪಟವಿರಲಿಲ್ಲ. ದೇವರ ಮುಂದೆ ಹೋಗುವ ಹಾಗೆ ಅವರು ಸೂಜಿಯ ಮುಂದೆಯೂ ಮಡಿಯಾಗಿ ಹೋಗಿದ್ದರು.

ಅನುಸೂಯಾ ಕಟ್ಟೆಯ ಮೇಲೆ ಕುಳಿತಳು. "ಕಾಕಾ, ಬೆಳಿಗ್ಗಿ ಖಾಲಿ ಹೊಟ್ಟಿಲೆ ನೋಡೂದು ತಪ್ಪಲ್ಲ. ಆದ್ರ ಅದು ಆ ಒಂದು ಬೆಳಗಿನ ಸಕ್ಕರಿ ಹೇಳ್ತದ. ಹಿಂದಿನ ದಿನ ನೀವು ಬರೇ ನೀರಿನ ಮ್ಯಾಲ ಇದ್ರ ಅದು ಕಮ್ಮಿನೇ ತೋರಸ್ತದ. ಇನ್ನೊಂದು ರಕ್ತ ತಪಾಸಣಿ ಅದ. ನಿನ್ನೆ ಉಂಡ್ರೋ, ಉಪಾಸಿದ್ರೋ, ಅದಕ್ಕ ಫರಕ್ ಇಲ್ಲ. ಎರಡು ಮೂರು ತಿಂಗಳಿನಾಗ ರಕ್ತದೊಳಗ ಎಷ್ಟು ಸಕ್ಕರಿ ಇತ್ತು, ಅದರ ಸರಾಸರಿ ಹೇಳ್ತದ."

ಮನ್ಮಥಪ್ಪನವರ ಹುಬ್ಬು ಗಂಟಿಕ್ಕಿತು. ನಂಬಿಕೆಯೂ ಇಲ್ಲ, ಅಪನಂಬಿಕೆಯೂ ಇಲ್ಲದ ಮುಖ. ಸುಗಂಧಾ ಕಾರ್ಡನ್ನು ಅವರ ಮುಂದೆ ಹಿಡಿದಳು. ಈಗ ಅವರು ಬೇಡ ಎಂದರೆ ಇವತ್ತು ಹೋಗುವುದಿಲ್ಲ. ಇವತ್ತು ಹೋಗದಿದ್ದರೆ ಇನ್ನೊಂದು ರಾತ್ರಿ ಬರುತ್ತದೆ. ಅವಳು ಹುಷಾರಾಗಿ ಬಾಯಿ ತೆರೆದಳು.

"ಮಾಮಾ, ಅದು ಕ್ಯಾನು ಕಲಕಿ ತಗದ ಹಾಲು ಇದ್ದಾಂಗ. ಈ ಕಾರ್ಡಿನ್ಯಾಗಿಂದು ಮ್ಯಾಲಿಂದ ತಗದಿದ್ದು."

ಮನ್ಮಥಪ್ಪ ತಮ್ಮ ಕೈಯಲ್ಲಿದ್ದ ಕಲಕುಕೋಲನ್ನು ನೋಡಿದರು. ಅದರಿಂದ ಹಾಲು ತೊಟ್ಟಿಕ್ಕುತ್ತಿತ್ತು.

"ಅಂದ್ರ," ಎಂದರು ಕೊನೆಗೆ, "ನಾ ಇಷ್ಟು ದಿನ ಅಂಬಣ್ಣನ ಆಟಾನೇ ಆಡೀನಿ."

"ಇಷ್ಟು ವರ್ಷಕ್ಕ ಮಾಲಕರು ನನ್ನ ಸಾಲಿಗಿ ಬಂದ್ರು," ಎಂದ ಅಂಬಣ್ಣ. ಮನ್ಮಥಪ್ಪನವರೂ ನಕ್ಕರು. ಕೋಲನ್ನು ಸೊಸೆಯ ಕೈಗೆ ಕೊಟ್ಟು, "ಇವತ್ತಿನ ಕ್ಯಾನು ನೀ ಕಲಕು, ಮಷೀನ್ ನಿಮ್ಮ ಅತ್ತಿ ನೋಡ್ಲಿ," ಎಂದರು. ಆಮೇಲೆ ಅವಳೂ ಬರಬೇಕೆಂದು ನೆನಪಾಗಿ ಕೋಲನ್ನು ಅವಳಿಂದ ತೆಗೆದು ಅಂಬಣ್ಣನಿಗೆ ಕೊಟ್ಟರು. "ಸುಗಂಧಾ, ನೀ ನನ್ನ ಸಂಗಟ ನಡಿ."

ಉಮರ್ಗಾದ ದವಾಖಾನೆಯಲ್ಲಿ ಡಾಕ್ಟರ್ ಸ್ವಪ್ನಾಲಿ ಮರಾಠಿಯಲ್ಲಿ ಕೇಳಿದರು, ಮನ್ಮಥಪ್ಪ ಕನ್ನಡದಲ್ಲಿ ಹೇಳಿದರು, ನಡುದಾರಿಯಲ್ಲಿ ಇಬ್ಬರೂ ಭಾಷೆ ಬದಲಿಸಿಕೊಂಡರು. ಆ ಗಡಿನಾಡಿನಲ್ಲಿ ಇದು ಯಾರಿಗೂ ಹೊಸದಲ್ಲ. ಎದೆಗೆ ತಂತಿ ಹಚ್ಚಿ ಚೀಟಿ ತೆಗೆದರು, ರಕ್ತ ತೆಗೆದರು. ಆಮೇಲೆ ಡಾಕ್ಟರು, "ರಾತ್ರಿ ಮಲಗೋ ಮೊದಲು, ಮಲಗಿದ ಮ್ಯಾಲ, ಏನಾರ ತಿಂತೀರೇನು?" ಎಂದು ಕೇಳಿದರು.

ಮನ್ಮಥಪ್ಪ ಸೊಸೆಯ ಕಡೆ ಒಮ್ಮೆ ನೋಡಿ, ಧೋತರದ ಅಂಚು ಸರಿಮಾಡಿಕೊಂಡರು. ಸುಗಂಧಾ ಎದ್ದು ನಿಂತಳು. "ನಾ ನೀರು ತರ್ತೀನಿ," ಎಂದು ಅನುಸೂಯಾಳನ್ನೂ ಕರೆದುಕೊಂಡು ಹೊರಗೆ ಹೋದಳು. ಬಾಟಲಿಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರಿತ್ತು.

ಅವರು ಮರಳಿ ಬರುವಾಗ ಅಂಗಡಿಯಿಂದ ರವಿಕಾಂತ ಓಡಿ ಬಂದಿದ್ದ. ಡಾಕ್ಟರು ಎಲ್ಲರನ್ನೂ ಕೂರಿಸಿದರು.

"ಹೃದಯಾಘಾತ ಆಗಿಲ್ಲ. ಅದು ಚಲೋ ಸುದ್ದಿ. ಆದ್ರ ಹೃದಯಕ್ಕ ರಕ್ತ ಹೋಗೋ ದಾರಿ ಸಣ್ಣದಾಗಿದ್ದ ಲಕ್ಷಣ ಅದ. ಸೋಲಾಪುರದಾಗ ಇನ್ನೊಂದು ತಪಾಸಣಿ ಮಾಡಿಸಬೇಕು. ಗೋಳಿ-ಔಷಧ ಇವತ್ತಿಂದಲೇ ಶುರು. ಎದಿ ಮತ್ತ ಹಿಡೀತು ಅಂದ್ರ, ಐದು ಹತ್ತು ನಿಮಿಷಕ್ಕ ಇಳೀಲಿಲ್ಲ ಅಂದ್ರ, ಗ್ಯಾಸು ಅಂತ ಕೂಡಬ್ಯಾಡ್ರಿ. ಆಂಬುಲೆನ್ಸಿಗಿ, ನೂರಾ ಎಂಟಕ್ಕ ಫೋನ್ ಮಾಡ್ರಿ."

ಸಂಜೆಗೆ ರಕ್ತದ ಚೀಟಿ ಬಂತು. ಮೂರು ತಿಂಗಳ ಸಕ್ಕರೆ ಆರೂವರೆಯಿಂದ ಏಳರೊಳಗೆ ಇದ್ದರೆ ಸಮಾಧಾನ. ಮನ್ಮಥಪ್ಪನವರದು ಒಂಬತ್ತೂವರೆ ದಾಟಿತ್ತು. ರಕ್ತದಲ್ಲಿನ ಕೆಟ್ಟ ಕೊಬ್ಬೂ ಏರಿತ್ತು.

ರವಿಕಾಂತ ಎದ್ದು ನಿಂತ. "ಆಯ್ತು. ನಾಳಿಂದ ಮನಿಯಾಗ ಒಂದು ಹನಿ ಹಾಲೂ ಬ್ಯಾಡ. ಎಮ್ಮಿ ಮಾರೂಣು. ಮೊಬೈಲಿನಾಗ ಯಾರೋ ಹೇಳ್ತಿದ್ದ, ಹಾಲೇ ವಿಷ ಅಂತ."

"ಎಮ್ಮಿ ಏನು ತಪ್ಪು ಮಾಡ್ಯದ?" ಎಂದರು ಡಾಕ್ಟರು. "ಕೂಡ್ರಿ. ನೀವು ಮಾಂಸ ತಿನ್ನೋರಲ್ಲ, ತತ್ತಿ ತಿನ್ನೋರಲ್ಲ. ಹಾಲು ಪೂರಾ ಬಿಟ್ರ ಪ್ರೋಟೀನು ಕಮ್ಮಿ ಬೀಳ್ತದ, ಎಲುಬಿಗಿ ಬೇಕಾದ ಸುಣ್ಣ ಕಮ್ಮಿ ಬೀಳ್ತದ, ಬಿ-ಹನ್ನೆರಡು ಅನ್ನೋ ಜೀವಸತ್ವ ಎಲ್ಲಿಂದ ತರ್ತೀರಿ? ಹಾಲು ವಿಷನೂ ಅಲ್ಲ, ಔಷಧನೂ ಅಲ್ಲ. ಅದು ಊಟ. ಎಷ್ಟು, ಹ್ಯಾಂಗ ಅನ್ನೋದು ನೋಡಬೇಕು."

"ನಮ್ಮದು ದೇವಣಿ ಆಕಳೂ ಅದ ಡಾಕ್ಟರ್," ಎಂದರು ಮನ್ಮಥಪ್ಪ. "ಅದರ ತುಪ್ಪ ಏನೂ ಮಾಡೂದಿಲ್ಲ ಅಂತಾರ."

"ಚಲೋ ಆಕಳು. ಆದ್ರ ತುಪ್ಪದಾಗಿನ ಕೊಬ್ಬಿಗಿ ಆಕಳ ಹೆಸರು ಗೊತ್ತಿಲ್ಲ. ಊಟಕ್ಕ ಸಣ್ಣ ಚಮಚದಾಗ ಒಂದು ಸಾಕು. ಕೆನಿ, ಖವಾ, ಪೇಢಾ, ಬಾಸುಂದಿ, ಸಕ್ಕರಿ ಹಾಕಿ ಅರ್ಧಕ್ಕಿಳಿಸಿದ ಹಾಲು, ಇವು ನಿಮಗ ಬ್ಯಾಡ. ಕೊಬ್ಬು ವರ್ಷಾನುಗಟ್ಟಲೆ ರಕ್ತನಾಳದಾಗ ಕೂತು ಬಿಡ್ತದ, ಏರಿದ ಸಕ್ಕರಿ ಆ ನಾಳ ಕೆಡಸ್ತದ. ಕೆನಿ ತಗದ ಹಾಲು ಒಂದು ಲೋಟ, ಒಂದು ವಾಟಿ ಮೊಸರು, ನೀರು ಮಜ್ಜಿಗಿ, ಉಪ್ಪು ಕಮ್ಮಿ. ಮೊಸರು ತಿನ್ನೋರಿಗಿ ಸಕ್ಕರಿ ಕಾಯಿಲಿ ಬರೂದು ತುಸು ಕಮ್ಮಿ ಅಂತ ಕೆಲವು ಅಧ್ಯಯನ ಹೇಳ್ತಾವ. ಹಾಂಗಂತ ಮೊಸರು ತಿಂದು ಗೋಳಿ ಬಿಡೂದಲ್ಲ."

"ಮತ್ತ ಉಪಾಸ?"

"ಸೋಮವಾರದ್ದು ನಿಮ್ಮ ಶ್ರದ್ಧಾ. ಅದರೊಳಗ ನಾ ಕೈ ಹಾಕೂದಿಲ್ಲ. ಆದ್ರ ಏನೂ ತಿನ್ನಲಾರದೆ ಇರಬ್ಯಾಡ್ರಿ. ಕೆಲವು ಸಕ್ಕರಿ ಗೋಳಿ ಖಾಲಿ ಹೊಟ್ಟಿಲೆ ತಗೊಂಡ್ರ ಸಕ್ಕರಿ ಒಮ್ಮಿಗೇ ಬಿದ್ದು ತಲಿ ತಿರಗ್ತದ. ಬಿಟ್ರ ಏರ್ತದ. ಅದಕ್ಕ ಉಪಾಸದ ದಿನ ಯಾವ ಗೋಳಿ, ಎಷ್ಟೊತ್ತಿಗಿ ಅಂತ ನಾ ಬರದು ಕೊಡ್ತೀನಿ. ಸಕ್ಕರಿ ಇಳಸ್ಲಾಕ ಅಂತ ಹಿಡದಿರಲ್ಲ, ಗುರುವಾರ, ಶನಿವಾರ, ಅವೆರಡು ನಿಲ್ಲಸ್ರಿ. ಅವು ಶಿವಂದಲ್ಲ, ನಿಮ್ಮವು."

ಮನ್ಮಥಪ್ಪ ತಲೆಯಾಡಿಸಿದರು. ಹೊರಡುವಾಗ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದರು. "ಕಾರ್ತಿಕದಾಗ ಕಪಿಲಧಾರಕ್ಕ ನಡದು ಹೋಗಬಹುದೇನ್ರಿ?"

"ಮೂರು ತಿಂಗಳು ನಾ ಹೇಳಿದ್ದು ಮಾಡ್ರಿ. ಆಮ್ಯಾಲ ನಿಮ್ಮ ರಕ್ತಾನೇ ಕೇಳೂಣು."

ಮನೆಯಲ್ಲಿ ಕಷ್ಟವಾದದ್ದು ಮನ್ಮಥಪ್ಪನವರಿಗಲ್ಲ, ಪ್ರಯಾಗಬಾಯಿಯವರಿಗೆ. ನಲವತ್ತು ವರ್ಷ ಗಂಡನಿಗೆ ಹೇಳಬೇಕಾದ್ದನ್ನೆಲ್ಲ ಅವರು ಹಾಲಿನ ಲೋಟದಲ್ಲೇ ಹೇಳಿದ್ದರು. ಒಲೆಯ ಮುಂದೆ ಕುಳಿತು, "ಹಾಂಗಾದ್ರ ಅವರ ಎದಿಗಿ ನಾನೇ ಕೆನಿ ಬಡದೀನಿ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಅನುಸೂಯಾ ಪಕ್ಕದಲ್ಲಿ ಕುಳಿತಳು. "ಕಾಕು, ಗೊತ್ತಿಲ್ಲದೆ ಕೊಟ್ರಿ. ಈಗ ಗೊತ್ತಾಯ್ತು. ಊರಾಗ ನಿಮ್ಮಷ್ಟು ಚಲೋ ಮೊಸರು ಯಾರು ಹೆಪ್ಪು ಹಾಕ್ತಾರ ಹೇಳ್ರಿ. ಈಗ ಅವರಿಗೆ ಅದೇ ಬೇಕಾಗ್ಯದ."

ಮರುದಿನ ಪ್ರಯಾಗಬಾಯಿ ಒಲೆಯ ಪಕ್ಕದ ಮೊಳೆಗೆ ಒಂದು ಪುಟ್ಟ ಚಮಚ ತೂಗುಹಾಕಿದರು. ಮೊಮ್ಮಗಳು ಕಾಜಲ ಚಿಕ್ಕಂದಿನಲ್ಲಿ ಔಷಧ ಕುಡಿಯುತ್ತಿದ್ದ ಚಮಚ ಅದು. ಅಂದಿನಿಂದ ಮನೆಯಲ್ಲಿ ತುಪ್ಪದ ಅಳತೆ ಅದೇ. ಹಾಲನ್ನು ಕಾಸಿ ಆರಿಸಿ, ಕೆನೆಯನ್ನು ಎರಡು ಸಲ ತೆಗೆದು, ಉಳಿದದ್ದಕ್ಕೆ ಹೆಪ್ಪು ಹಾಕತೊಡಗಿದರು. ರವಿಕಾಂತ ಒಂದು ದಿನ ಹೋಳಿಗೆಯ ಮೇಲೆ ತುಪ್ಪ ಸುರಿದುಕೊಳ್ಳಲು ಹೋದಾಗ ಅವನ ಕೈ ಮೇಲೆ ಚಮಚದಿಂದಲೇ ಬಡಿದರು. "ನಿನಗೂ ಮೂವತ್ತೊಂಬತ್ತು ಆಗ್ಯದ. ಮೊದಲು ರಕ್ತ ತೋರಸ್ಕೊಂಡು ಬಾ." ಅವನು ತೋರಿಸಿಕೊಂಡು ಬಂದ. ಅವನ ರಕ್ತದೊತ್ತಡವೂ ಗಡಿಯ ಮೇಲಿತ್ತು. ಹಾಲೇ ವಿಷ ಎನ್ನುವುದನ್ನು ಆಮೇಲೆ ಬಿಟ್ಟ.

ಮನ್ಮಥಪ್ಪ ಮೋಟರ್‌ಸೈಕಲನ್ನು ಮಗನಿಗೆ ಬಿಟ್ಟುಕೊಟ್ಟರು. ಸೋಲಾಪುರದ ಡಾಕ್ಟರು, ಸದ್ಯ ಗುಳಿಗೆಯಿಂದಲೇ ಸಾಗುತ್ತದೆ, ನಿಧಾನವಾಗಿ ನಡಿಗೆ ಹೆಚ್ಚಿಸಿ ಎಂದಿದ್ದರು. ಮೊದಲ ವಾರ ಮಾರುತಿ ಕಟ್ಟೆಯವರೆಗೆ, ಆಮೇಲೆ ಹೆದ್ದಾರಿಯ ಸೇತುವೆಯವರೆಗೆ, ತೊಗರಿ ಹೂ ಬಿಡುವ ಹೊತ್ತಿಗೆ ಹೊಲದ ಏರಿಯ ತುದಿಯವರೆಗೆ. ಏರಿಯ ಮೇಲೆ ಈಗ ಚಪ್ಪಲಿಗೆ ಮುಳ್ಳು ಹೊಗುತ್ತಿರಲಿಲ್ಲ.

ಕಾರ್ತಿಕದ ಮೊದಲ ವಾರ ಮತ್ತೆ ರಕ್ತ ಕೊಟ್ಟರು. ಅದು ಮಂಗಳವಾರವಲ್ಲ, ಶುಕ್ರವಾರ. ಹಿಂದಿನ ರಾತ್ರಿ ರೊಟ್ಟಿ, ಪುಂಡಿಪಲ್ಯ ಉಂಡೇ ಹೋಗಿದ್ದರು. ಮೂರು ತಿಂಗಳ ಸಕ್ಕರೆ ಏಳು ಪಾಯಿಂಟ್ ಒಂದಕ್ಕೆ ಇಳಿದಿತ್ತು. ಡಾಕ್ಟರ್ ಸ್ವಪ್ನಾಲಿ ಚೀಟಿ ಓದಿ, ಬೆಳಗಿನ ತಂಪಿನಲ್ಲಿ ನಡೆಯಿರಿ, ಬಿಸಿಲೇರಿದ ಮೇಲೆ ದಿಂಡಿಯ ಜೀಪು ಹತ್ತಿ, ಗುಳಿಗೆಯ ಚೀಲ ಕೊರಳಲ್ಲಿರಲಿ ಎಂದರು. ಕೊರಳಲ್ಲಿ ಆಗಲೇ ಲಿಂಗದ ಕರಡಿಗೆ ಇತ್ತು. ಪ್ರಯಾಗಬಾಯಿ ಪಕ್ಕದಲ್ಲೊಂದು ಸಣ್ಣ ಚೀಲ ಹೊಲಿದು ಕೊಟ್ಟರು. ಇಪ್ಪತ್ತೇಳನೆಯ ಸಲ ಮನ್ಮಥಪ್ಪ ಕಪಿಲಧಾರದ ದಾರಿ ಹಿಡಿದರು.

ಅವರು ಮರಳಿ ಬಂದ ವಾರ ಉಳಿತಾಯ ಗುಂಪಿನ ಸಭೆಯಲ್ಲಿ ಅನುಸೂಯಾ, ಈ ಸಂಗತಿಯನ್ನು ನೀನೇ ಹೇಳು ಎಂದು ಸುಗಂಧಾಳನ್ನು ಎಬ್ಬಿಸಿ ನಿಲ್ಲಿಸಿದಳು. ಅವಳು ಅಂದು ಹೇಳಿದ್ದನ್ನೇ ಇಲ್ಲಿ ನಿಮಗೂ ಹೇಳುತ್ತಿದ್ದೇವೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಹಾಲಿಗೆ ಹೆದರಬೇಡಿ. ದಿನಕ್ಕೊಂದು ಲೋಟ ಹಾಲು, ಒಂದು ಬಟ್ಟಲು ಮೊಸರು, ಮಜ್ಜಿಗೆ ನಮ್ಮ ಊಟದಲ್ಲಿರಲಿ. ಕೆನೆ, ತುಪ್ಪ, ಖವಾ, ಸಕ್ಕರೆ ಹಾಕಿದ ಹಾಲಿಗೆ ಮಾತ್ರ ಅಳತೆ ಹಾಕಿ. ಉಪವಾಸವನ್ನು ಔಷಧ ಎಂದು ತಿಳಿಯಬೇಡಿ. ಉಪವಾಸದ ದಿನದ ಗುಳಿಗೆಯ ಬಗ್ಗೆ ಡಾಕ್ಟರನ್ನು ಕೇಳಿ, ನೀವೇ ಬಿಡಬೇಡಿ. ಮೂವತ್ತು ದಾಟಿದ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆಯಾದರೂ ನಿಮ್ಮ ಆರೋಗ್ಯ ಉಪಕೇಂದ್ರದಲ್ಲಿ ರಕ್ತದೊತ್ತಡ, ಸಕ್ಕರೆ ನೋಡಿಸಿಕೊಳ್ಳಿ. ಎದೆ ಬಿಗಿದರೆ, ಏರಿ ಹತ್ತುವಾಗ ನಿಲ್ಲಬೇಕಾದರೆ, ಅದನ್ನು ಮುಚ್ಚಿಡಬೇಡಿ. ತಪಾಸಣೆಗೆ ಹೋಗುವಾಗ ಎಂದಿನಂತೆ ಇದ್ದ ಹಾಗೆಯೇ ಹೋಗಿ. ಊರಿನ ಹಾಲನ್ನು ಕಲಕದೆ ಅಳೆಯದ ನಾವು, ನಮ್ಮ ಮೈಯ ರಕ್ತವನ್ನು ಯಾಕೆ ಮೇಲಿಂದ ಅಳೆಯಬೇಕು?

ಸಭೆಯಲ್ಲಿ ಒಬ್ಬಳು ಕೇಳಿದಳು. "ಖರೆ ಹೇಳು ಸುಗಂಧಾ, ನಿನಗ ಮೊದಲು ಸಂಶಯ ಹ್ಯಾಂಗ ಬಂತು?"

"ಕಾರ್ಡಿನ ತಾರೀಖು ನೋಡಿ," ಎಂದಳು ಸುಗಂಧಾ.

ಆ ರಾತ್ರಿ ಮತ್ತೆ ಸಪ್ಪಳವಾಯಿತು. ಟಿಣ್. ಸುಗಂಧಾ ಎದ್ದು ಕುಳಿತಳು. ಆಮೇಲೆ ತಂಬಿಗೆಯಿಂದ ಲೋಟಕ್ಕೆ ಏನೋ ಸುರಿದ ಸದ್ದು, ಒಂದು ತೇಗು, ಹೆಜ್ಜೆಯ ಸದ್ದು. ಬೆಳಿಗ್ಗೆ ಎದ್ದವಳೇ ಫ್ರಿಜ್ಜು ತೆರೆದಳು. ಕೆನೆಯ ಮೈ ನುಣ್ಣಗೆ ಇತ್ತು, ಒಂದು ಗೆರೆಯೂ ಬಿದ್ದಿರಲಿಲ್ಲ. ಮಜ್ಜಿಗೆಯ ತಂಬಿಗೆ ಮಾತ್ರ ನಾಲ್ಕು ಬೆರಳು ಇಳಿದಿತ್ತು.

ಚಹಾ ಕುಡಿಯುವಾಗ ಪ್ರಯಾಗಬಾಯಿ, "ರಾತ್ರಿ ಏನೋ ಸಪ್ಪಳ ಆದಂಗಾಯ್ತು. ಮತ್ತ ಆ ಬೆಕ್ಕು ಬಂದಿತ್ತೇನು? ಮಳಿಗಾಲದಾಗ ಕೆನಿಗಿ ಬಾಯಿ ಹಾಕಿತ್ತಲ್ಲ," ಎಂದರು.

ಮನ್ಮಥಪ್ಪನವರ ಕೈಯಲ್ಲಿ ಸಕ್ಕರೆಯಿಲ್ಲದ ಚಹಾದ ಕಪ್ಪು ಅರ್ಧ ದಾರಿಯಲ್ಲಿ ನಿಂತಿತು.

"ನನಗೇನೂ ಕೇಳಿಸಲಿಲ್ಲ ಅತ್ತಿ," ಎಂದಳು ಸುಗಂಧಾ, ಹೊರಗೆ ಬಂದಿಳಿದ ಮೊದಲ ಕ್ಯಾನಿನ ಸದ್ದಿಗೆ ಎದ್ದು ಹೋಗುತ್ತ. ಮಾವ ಡಾಕ್ಟರಿಗೆ ಹೇಳಬೇಕಾದ್ದನ್ನು ತಾವೇ ಹೇಳಿದ್ದಾರೆ. ಮಿಕ್ಕ ಯಾರಿಗೂ ಅದು ಬೇಕಾಗಿಲ್ಲ. ಅತ್ತೆಗಾಗಲಿ, ರವಿಕಾಂತನಿಗಾಗಲಿ, ಅನುಸೂಯಾಳಿಗಾಗಲಿ ನಿಜ ಹೇಳಿ, ಬೆಕ್ಕಿನ ಮೇಲಿನ ಕಳ್ಳತನದ ಅಪವಾದವನ್ನು ತಾನಾಗಿ ಯಾವತ್ತೂ ತೊಳೆಯುವುದಿಲ್ಲ ಎಂದು ಅವಳು ನಿಶ್ಚಯ ಮಾಡಿಕೊಂಡಳು.